ಅತ್ತೆ ತಂದ ಅಂಜೂರ

ಪ್ರೀತಿಯ ಅತ್ತೆಗೆ,

ಈ ಸಲ ಗಿಡಗಳನ್ನು ನಾನೊಬ್ಬನೇ ಸವರಿದೆ. ಮೂರನ್ನೂ. ಹೋದ ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ತಾರಸಿಗೆ ಹತ್ತಿದವನು ಕತ್ತರಿ ಕೆಳಗಿಡುವ ಹೊತ್ತಿಗೆ ಬಿಸಿಲು ನೀರಿನ ಟ್ಯಾಂಕನ್ನು ದಾಟಿ ಆಚೆ ಹೋಗಿತ್ತು. ಎಲೆಯೆಲ್ಲ ಉದುರಿ ಗಿಡಗಳು ಬೋಳಾಗಿದ್ದವು. ಯಾವ ಕೊಂಬೆ ಎಲ್ಲಿಂದ ಹೊರಟು ಎಲ್ಲಿಗೆ ಹೋಗಿದೆ ಎನ್ನುವುದು ಚೆನ್ನಾಗಿ ಕಾಣುತ್ತಿತ್ತು. ಒಳಮುಖವಾಗಿ ಬೆಳೆದದ್ದು, ಒಂದಕ್ಕೊಂದು ಉಜ್ಜುತ್ತಿದ್ದದ್ದು, ತುದಿಯಿಂದ ಒಣಗುತ್ತ ಬಂದದ್ದು, ಎಲ್ಲ ತೆಗೆದೆ. ಉಳಿದವುಗಳಲ್ಲಿ ಎರಡೋ ಮೂರೋ ಚಿಗುರುವ ಕಣ್ಣು ಬಿಟ್ಟು ಮೇಲಿನದನ್ನು ಕತ್ತರಿಸಿದೆ. ಕತ್ತರಿ ಆಡಿಸಿದಾಗಲೆಲ್ಲ ಬೆನ್ನ ಹಿಂದಿನಿಂದ "ಆಯ್ತಾ?" ಅನ್ನುವ ದನಿ ಬರುತ್ತದೇನೋ ಎಂದು ಒಂದು ಗಳಿಗೆ ಕಾಯುತ್ತಿದ್ದೆ. ಬರುವುದಿಲ್ಲ ಅಂತ ಗೊತ್ತು. ಆದರೂ ಕಾಯುತ್ತಿದ್ದೆ.

ನಾನು ಪತ್ರ ಬರೆಯುವ ಪೈಕಿಯವನಲ್ಲ ಎಂದು ನಿಮಗೆ ಗೊತ್ತೇ ಇದೆ. ಮಾತಿನಲ್ಲೂ ಜಿಪುಣ. ಮದುವೆಯಾದ ಹೊಸತರಲ್ಲಿ ನೀವು ನಿಮ್ಮ ಮಗಳ ಹತ್ತಿರ, "ನಿನ್ನ ಗಂಡನಿಗೆ ಬಾಯಿ ಇದೆ ಅಂತ ಊಟದ ಹೊತ್ತಲ್ಲಿ ಮಾತ್ರ ಗೊತ್ತಾಗುತ್ತೆ ಕಣೇ" ಎಂದಿದ್ದಿರಂತೆ. ಅವಳು ಅದನ್ನು ನನಗೆ ಬಂದು ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಫೋನಿನಲ್ಲೇ ಹೇಳೋಣವೆಂದರೆ ನೀವು ಊಟ ಆಯ್ತಾ, ನಿದ್ದೆ ಬರ್ತಿದೆಯಾ, ಚಳಿ ಹೇಗಿದೆ ಎಂದು ಕೇಳುತ್ತೀರಿ. ನಾನು ಎಲ್ಲಕ್ಕೂ ಹ್ಞೂಂ ಅನ್ನುತ್ತೇನೆ. ಅಲ್ಲಿಗೆ ಮಾತು ಮುಗಿಯುತ್ತದೆ. ಹ್ಞೂಂ ಅನ್ನುವುದರಲ್ಲಿ ಹಿಡಿಯದ ಕೆಲವು ಮಾತುಗಳಿವೆ. ಅದಕ್ಕೇ ಬರೆಯಲು ಕೂತೆ.

ಅವಳು ಹೋದದ್ದನ್ನು ನಾವಿಬ್ಬರೂ ಯಾವತ್ತೂ ಮಾತಾಡಿಕೊಳ್ಳಲಿಲ್ಲ, ಅಲ್ಲವೇ? ಬೆಳಿಗ್ಗೆ ಹಾಸಿಗೆ ಸರಿಮಾಡುತ್ತಿದ್ದವಳು ದಿಂಬು ಕೈಯಲ್ಲಿ ಹಿಡಿದುಕೊಂಡೇ ಕುಸಿದಳು. ತಲೆಯೊಳಗೆ ಯಾವುದೋ ರಕ್ತನಾಳ ಒಡೆದಿತ್ತು. ನಾನು ಆಸ್ಪತ್ರೆಯ ಬೆಂಚಿನಲ್ಲಿ ಕೂತಿದ್ದಾಗ ಅವಳ ಫೋನು ನನ್ನ ಜೇಬಿನಲ್ಲಿ ಬಡಿದುಕೊಳ್ಳುತ್ತಲೇ ಇತ್ತು. ಅವಳು ಕಲಿಸುತ್ತಿದ್ದ ಡ್ರೈವಿಂಗ್ ಸ್ಕೂಲಿನವರು. "ಮೇಡಂ ಎಲ್ಲಿದ್ದಾರೆ, ಕಲಿಯೋರು ಕಾರಲ್ಲಿ ಕೂತು ಕಾಯ್ತಾ ಇದ್ದಾರೆ." ಅವರಿಗೆ ಏನು ಹೇಳಬೇಕೆಂದು ತೋಚದೆ "ಸ್ವಲ್ಪ ತಡ ಆಗುತ್ತೆ" ಎಂದಿದ್ದೆ. ಈ ಮಾತನ್ನು ನಾನು ಯಾರಿಗೂ ಹೇಳಿಲ್ಲ. ನಿಮಗೇ ಮೊದಲು ಹೇಳುತ್ತಿದ್ದೇನೆ.

ಮರುದಿನ ನೀವು ಬಂದಿರಿ, ಒಂದೇ ಒಂದು ಬ್ಯಾಗು ಹಿಡಿದು. ನೆಂಟರೆಲ್ಲ ಬಂದರು, ಅತ್ತರು, ಒಬ್ಬೊಬ್ಬರಾಗಿ ಹೋದರು. ನಿಮ್ಮ ಮಗನೂ ಹೋದ. ನೀವು ಮಾತ್ರ "ಒಂದು ತಿಂಗಳು ಇದ್ದು ಹೋಗ್ತೀನಿ" ಎಂದು ಉಳಿದಿರಿ. ಆ ತಿಂಗಳು ಮುಗಿದದ್ದು ನಮ್ಮಿಬ್ಬರಲ್ಲಿ ಯಾರ ಗಮನಕ್ಕೂ ಬರಲಿಲ್ಲ. ಬಂದಿದ್ದರೂ ಯಾರೂ ಬಾಯಿ ಬಿಡಲಿಲ್ಲ. ನಾನು ಅಂಗಡಿಗೆ ಹೋಗುತ್ತಿದ್ದೆ. ಹಿಂಭಾಗದ ಆ ಕಿಟಕಿಯಿಲ್ಲದ ಕೋಣೆಯಲ್ಲಿ ಕನ್ನಡಕದ ಗಾಜು ಉಜ್ಜುತ್ತಿದ್ದೆ. ಉಗುರಿನ ಸಂದಿಯಲ್ಲಿ ಬಿಳಿ ಪುಡಿ ತುಂಬಿಕೊಂಡು ಸಂಜೆ ಬರುತ್ತಿದ್ದೆ. ನೀವು ಬಾಗಿಲು ತೆರೆಯುತ್ತಿದ್ದಿರಿ. ಒಂದು ಕೋಣೆಯಲ್ಲಿ ನೀವು, ಇನ್ನೊಂದರಲ್ಲಿ ನಾನು. ಇಬ್ಬರೂ ಮೂರು ಜನಕ್ಕೆ ಆಗುವಷ್ಟು ಅಡುಗೆ ಮಾಡುತ್ತಿದ್ದೆವು, ಮರುದಿನ ಉಳಿದದ್ದನ್ನು ತಿನ್ನುತ್ತಿದ್ದೆವು.

ಎರಡನೆಯ ಚಳಿಗಾಲದಲ್ಲಿ ನಿಮ್ಮ ನಾದಿನಿ ಫೋನ್ ಮಾಡಿದ್ದರು. ಅವರ ದನಿ ಫೋನಿನಿಂದ ಆಚೆಗೂ ಕೇಳಿಸುವಂಥದ್ದು. "ಮಗಳೇ ಇಲ್ಲ ಅಂದ ಮೇಲೆ ಅಳಿಯನ ಮನೇಲಿ ನಿಮಗೇನು ಕೆಲಸ ಅತ್ತಿಗೆ?" ನಾನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ನಲ್ಲಿ ನಿಲ್ಲಿಸಿದೆ. ನೀವು ಸ್ವಲ್ಪವೂ ತಡವರಿಸದೆ, "ಗಿಡಕ್ಕೆ ನೀರು ಹಾಕೋರು ಯಾರೂ ಇಲ್ಲಮ್ಮ, ಅದಕ್ಕೇ ಇದ್ದೀನಿ" ಎಂದಿರಿ.

ಮನೆಯಲ್ಲಿ ಆಗ ಒಂದು ಗಿಡವೂ ಇರಲಿಲ್ಲ.

ಮರುದಿನ ಸಂಜೆ ನಾನು ಬಂದಾಗ ಬಾಗಿಲ ಹತ್ತಿರ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಒಂದು ಒಣಕಲು ಕಡ್ಡಿ ನಿಂತಿತ್ತು. ಬೀದಿಯ ತುದಿಯ ನರ್ಸರಿಯಿಂದ ತಂದಿದ್ದಿರಿ. "ಹೇಳಿಬಿಟ್ಟಿದ್ದೀನಲ್ಲ, ಇನ್ನು ಒಂದಾದ್ರೂ ಇರಬೇಕಲ್ವಾ ಅಳಿಯಂದ್ರೇ. ಅಂಜೂರವಂತೆ. ಬದುಕಿದ್ರೆ ಹಣ್ಣು, ಇಲ್ದಿದ್ರೆ ಒಲೆಗಾಯ್ತು." ನಾನು, "ನಮ್ಮನೇಲಿ ಒಲೆ ಎಲ್ಲಿದೆ ಅತ್ತೆ, ಗ್ಯಾಸಲ್ವಾ" ಎಂದೆ. ನೀವು ನಕ್ಕಿರಿ. ನಾನೂ ನಕ್ಕೆ. ನಗು ಮುಗಿದ ಮೇಲೆ ಇಬ್ಬರಿಗೂ ಏನೋ ಒಂಥರಾ ಆಗಿ ಬೇರೆ ಬೇರೆ ಕಡೆ ನೋಡಿದೆವು. ಆ ಮನೆಯಲ್ಲಿ ಅಷ್ಟು ದಿನದಿಂದ ಯಾರೂ ನಕ್ಕಿರಲಿಲ್ಲ.

ನೀಲಿ ಪ್ಲಾಸ್ಟಿಕ್ ಡ್ರಮ್ಮನ್ನು ಅಡ್ಡಕ್ಕೆ ಕೊಯ್ಯಿಸಿ ಎರಡು ಮಾಡಿದೆವು. ಅಂಗಡಿಯ ಡ್ರಿಲ್ ತಂದು ತಳಕ್ಕೆ ತೂತು ಹೊಡೆದೆ. ನೀರು ನಿಂತರೆ ಬೇರು ಕೊಳೆಯುತ್ತದೆ ಎಂದು ನರ್ಸರಿಯವನು ಹೇಳಿದ್ದನ್ನು ನೀವು ಎಷ್ಟು ಮನಸ್ಸಿಗೆ ತೆಗೆದುಕೊಂಡಿರೆಂದರೆ ತಳ ಜರಡಿಯಾಗುವವರೆಗೂ "ಇನ್ನೊಂದು, ಇನ್ನೊಂದು" ಎನ್ನುತ್ತಲೇ ಇದ್ದಿರಿ. ಮಣ್ಣು, ಗೊಬ್ಬರ, ದಪ್ಪ ಮರಳು ಕಲಸಿ ತುಂಬಿ ಕಡ್ಡಿಯನ್ನು ನೆಟ್ಟೆವು. ಆಮೇಲೆ ಅದನ್ನು ಮೊಣಕಾಲೆತ್ತರಕ್ಕೆ ಕತ್ತರಿಸಬೇಕಿತ್ತು. ಕೆಳಗಿನಿಂದ ಕವಲೊಡೆಯಲಿ ಅಂತ.

ಜೀವಮಾನವಿಡೀ ಹೊಲಿಗೆ ಕಲಿಸಿದವರು ನೀವು. ಹುಡುಗಿಯರ ಎಷ್ಟು ತಂಡಗಳು ನಿಮ್ಮ ಕೈಕೆಳಗೆ ಕತ್ತರಿ ಹಿಡಿಯಲು ಕಲಿತವೋ. ಬೆಲೆಬಾಳುವ ಬಟ್ಟೆಯ ಮೇಲೂ ನಿಮ್ಮ ಕತ್ತರಿ ಒಮ್ಮೆ ಹೊರಟರೆ ನಿಲ್ಲುತ್ತಿರಲಿಲ್ಲ ಎಂದು ಅವಳು ಹೇಳುತ್ತಿದ್ದಳು. ಅಂಥವರು ಆ ಬೆರಳು ಗಾತ್ರದ ಕಡ್ಡಿಯ ಮುಂದೆ ಕತ್ತರಿ ಹಿಡಿದು ನಿಂತೇ ಇದ್ದಿರಿ. ಕೊನೆಗೆ ನನ್ನ ಕೈಗೆ ಕೊಟ್ಟು, "ಬಟ್ಟೆ ಆದ್ರೆ ತಪ್ಪಿದ್ರೆ ಜೋಡಿಸಿ ಹೊಲೀಬಹುದು. ಇದನ್ನ ಏನು ಮಾಡೋದು? ನೀವೇ ಮಾಡಿ" ಎಂದು ಟ್ಯಾಂಕಿನ ಕಡೆಗೆ ಮುಖ ತಿರುಗಿಸಿ ನಿಂತಿರಿ.

"ಆಯ್ತಾ?"

"ಆಯ್ತು."

"ನೋವಾಯ್ತಾ?"

"ನನಗಾ, ಗಿಡಕ್ಕಾ?"

ನೀವು ಈ ಕಡೆ ತಿರುಗಿದಿರಿ. ಕತ್ತರಿಸಿದ ತುದಿಯಲ್ಲಿ ಹಾಲು ಒಂದು ತೊಟ್ಟು ಮೂಡಿತ್ತು. ಅದನ್ನು ಬಗ್ಗಿ ನೋಡಿದಿರಿ.

ಬಿದ್ದ ತುಂಡುಗಳನ್ನು ಎಸೆಯಲು ನಿಮಗೆ ಮನಸ್ಸಾಗಲಿಲ್ಲ. ಹಳೆಯ ಎಣ್ಣೆ ಡಬ್ಬಿಯಲ್ಲಿ ಒದ್ದೆ ಮರಳು ಹಾಕಿ ಸಿಕ್ಕಿಸಿದಿರಿ. ಅವುಗಳಲ್ಲಿ ಎರಡು ಚಿಗುರಿದವು. ಹಾಗೆ ಒಂದಿದ್ದದ್ದು ಮೂರಾಯಿತು. ದೊಡ್ಡೋಳು, ನಡುವಿನೋಳು, ಚಿಕ್ಕೋಳು ಎಂದು ನೀವೇ ಹೆಸರಿಟ್ಟಿರಿ. "ಗಿಡಕ್ಕೆ ಗಂಡು ಹೆಣ್ಣು ಹೇಗೆ ಗೊತ್ತಾಯ್ತು ಅತ್ತೆ?" ಎಂದು ಕೇಳಿದರೆ, "ಗಂಡಾಗಿದ್ರೆ ಇಷ್ಟು ಹೊತ್ತಿಗೆ ಊಟ ಕೇಳ್ತಿತ್ತು" ಎಂದಿರಿ.

ಆ ಬೇಸಿಗೆಯಲ್ಲಿ ಚಿಗುರುಗಳ ತುದಿ ಚಿವುಟುವ ಕೆಲಸ ನಿಮ್ಮದಾಯಿತು. ಐದಾರು ಎಲೆ ಬಂದ ಮೇಲೆ ತುದಿ ಚಿವುಟಿದರೆ ಗಿಡ ಉದ್ದ ಹೋಗುವುದನ್ನು ಬಿಟ್ಟು ಕಾಯಿ ಕಟ್ಟುತ್ತದೆ ಅಂತ. ಕತ್ತರಿ ಬೇಡ, ಉಗುರು ಸಾಕು, ಆದ್ದರಿಂದ ನಿಮಗೆ ಭಯವಾಗಲಿಲ್ಲ. ಬರಿಗೈಯಲ್ಲಿ, ನಡುಮಧ್ಯಾಹ್ನದ ಬಿಸಿಲಿನಲ್ಲಿ ಮೂರು ಗಿಡಗಳನ್ನೂ ಮುಗಿಸಿದಿರಿ. ಮರುದಿನ ಮುಂಗೈವರೆಗೂ ಕೆಂಪಗೆ ಬೊಬ್ಬೆ ಎದ್ದಿತ್ತು. ಅಂಜೂರದ ಹಾಲು ಮೈಗೆ ತಾಗಿ ಬಿಸಿಲು ಬಿದ್ದರೆ ಸುಡುತ್ತದೆಂದು ನಮಗೆ ಯಾರೂ ಹೇಳಿರಲಿಲ್ಲ.

ಔಷಧಿ ಅಂಗಡಿಯವನು ನಿಮ್ಮ ಕೈ ನೋಡಿ ನನ್ನನ್ನು ಕೇಳಿದ, "ತಾಯಿಯವರಾ?" ನಾನು ಉತ್ತರ ಹುಡುಕುವಷ್ಟರಲ್ಲಿ ನೀವೇ, "ಇಲ್ಲಪ್ಪ, ಇವರು ನಮ್ಮ ಅಳಿಯಂದ್ರು" ಎಂದಿರಿ. ಅವನು ಮುಲಾಮಿನ ಟ್ಯೂಬನ್ನು ಕಾಗದದಲ್ಲಿ ಸುತ್ತುತ್ತ, "ದಿನಕ್ಕೆ ಮೂರು ಸಲ ಹಚ್ಚಬೇಕು. ಎರಡೂ ಕೈಗೆ ಆಗಿದೆ, ನಿಮಗೇ ಹಚ್ಕೊಳ್ಳೋಕಾಗಲ್ಲ. ಮಗಳ ಹತ್ರ ಹಚ್ಚಿಸ್ಕೊಳ್ಳಿ" ಎಂದ. ಒಳ್ಳೆಯ ಮನುಷ್ಯ, ಅವನಿಗೇನು ಗೊತ್ತು. ಮನೆಗೆ ಬಂದು ನೀವು ಕುರ್ಚಿಯಲ್ಲಿ ಕೂತು ಎರಡೂ ಕೈಗಳನ್ನು ಮೇಜಿನ ಮೇಲೆ ಚಾಚಿದಿರಿ, ಪರೀಕ್ಷೆಗೆ ಕೂತ ಮಕ್ಕಳ ಹಾಗೆ. ನಾನು ಕೈ ತೊಳೆದುಕೊಂಡು ಬಂದು ಹಚ್ಚಿದೆ. ಗಾಜು ಉಜ್ಜಿ ಉಜ್ಜಿ ನನ್ನ ಬೆರಳ ತುದಿ ಒರಟಾಗಿಬಿಟ್ಟಿದೆ; ನೋಯಿಸಿಬಿಡುತ್ತೇನೇನೋ ಅಂತ ಹೆದರಿಕೆ. ನೀವು ಕಣ್ಣು ಮುಚ್ಚಿಕೊಂಡಿದ್ದಿರಿ. ಮೊದಲ ಸಲ ನಿಮ್ಮ ಕಣ್ಣಿನಿಂದ ನೀರು ಇಳಿದದ್ದು ಆಗಲೇ. ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ. ನಾನೇ ಒರೆಸಿದೆ. ಅದಾದ ಮೇಲೆ ಅವಳ ಹೆಸರನ್ನು ಮನೆಯಲ್ಲಿ ಜೋರಾಗಿ ಹೇಳುವುದು ನಮಗೆ ಸುಲಭವಾಯಿತು.

ಮೊದಲ ವರ್ಷದ ಕಾಯಿಗಳೆಲ್ಲ ಉದುರಿದವು. ಒಂದು ದಿನ ನೀರು ಜಾಸ್ತಿ, ಇನ್ನೊಂದು ದಿನ ಮರೆತೇಹೋಗುವುದು. ಡ್ರಮ್ಮಿನ ಗಿಡಕ್ಕೆ ಅದು ಆಗಿಬರುವುದಿಲ್ಲ. ನೆಲದ ಗಿಡವಾದರೆ ಬೇರು ಎಲ್ಲೋ ಹೋಗಿ ನೀರು ಹುಡುಕುತ್ತದೆ, ಇದಕ್ಕೆ ನಾವು ಕೊಟ್ಟಿದ್ದಷ್ಟೇ. ಮರುವರ್ಷ ನೀವು ಮಣ್ಣಿನೊಳಗೆ ಬೆರಳು ಇಳಿಸಿ ನೋಡಿ ನೀರು ಹಾಕುವುದನ್ನು ರೂಢಿ ಮಾಡಿಕೊಂಡಿರಿ. ಆ ವರ್ಷ ದೊಡ್ಡೋಳ ಮೇಲೆ ಒಂದು ಹಣ್ಣು ಕತ್ತು ಬಾಗಿಸಿತು. ಬಾಗುವ ತನಕ ಮುಟ್ಟಬಾರದು, ಕಿತ್ತ ಮೇಲೆ ಅದು ಹಣ್ಣಾಗುವುದಿಲ್ಲ ಎಂದು ನಾವು ಹಕ್ಕಿಗಳ ಜೊತೆ ಜಗಳವಾಡುತ್ತ ಕಾದದ್ದು ನೆನಪಿದೆಯೇ? ಕೊನೆಗೆ ತಟ್ಟೆಯಲ್ಲಿಟ್ಟು ನೀವೇ ಕೊಯ್ದಿರಿ. ಒಳಗೆ ಕೆಂಪು. ತಿನ್ನುತ್ತ ನೀವು, "ಇಷ್ಟಕ್ಕೆ ಇಷ್ಟೆಲ್ಲ ಪಾಡು ಪಟ್ವಾ?" ಎಂದಿರಿ. ಸ್ವಲ್ಪ ಹೊತ್ತಿನ ಮೇಲೆ, "ಪರವಾಗಿಲ್ಲ, ಪಡಬಹುದು" ಎಂದಿರಿ.

ಇನ್ನು ನಾನು ನಿಜವಾಗಿ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ.

ನಮ್ಮ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವರು ನಿಮಗೆ ಗೊತ್ತು. ಡಾಕ್ಟರಲ್ಲದಿದ್ದರೂ ಎಲ್ಲರೂ ಅವರನ್ನು ಡಾಕ್ಟರಮ್ಮ ಎಂದೇ ಕರೆಯುತ್ತೇವೆ. ಅಂಜೂರದ ಕಡ್ಡಿ ಬೇಕೆಂದು ಒಂದು ಭಾನುವಾರ ನಮ್ಮ ಮನೆಗೆ ಬಂದಿದ್ದರು. ತಾರಸಿಯಲ್ಲಿ ಅವರು ಏನೋ ತಮಾಷೆ ಮಾಡಿದರು, ನಾನು ನಕ್ಕೆ. ನೀವು ಮೆಟ್ಟಿಲ ಬಾಗಿಲಲ್ಲಿ ಟೀ ತಟ್ಟೆ ಹಿಡಿದು ನಿಂತಿದ್ದಿರಿ. ನಾನು ತಿರುಗಿ ನೋಡಿದಾಗ ನಿಮ್ಮ ಮುಖದಲ್ಲಿ ಏನಿತ್ತು ಎಂದು ಆಗ ನನಗೆ ಅರ್ಥವಾಗಲಿಲ್ಲ. ಅದಾದ ಮೇಲೆ ನನ್ನ ಅಂಗಿಗಳಿಗೆ ಇಸ್ತ್ರಿ ಬೀಳತೊಡಗಿತು. "ಅಂಗಡಿಗೆ ಆ ನೀಲಿ ಅಂಗಿ ಹಾಕ್ಕೊಂಡು ಹೋಗಿ ಅಳಿಯಂದ್ರೇ, ಇದು ಮಾಸಿದೆ" ಎನ್ನುತ್ತಿದ್ದಿರಿ. ಕೆಲವೇ ವಾರಗಳಲ್ಲಿ, "ಮಗ ಒಂದೇ ಸಮನೆ ಕರೀತಿದ್ದಾನೆ, ಸೊಸೆಗೆ ಬೇರೆ ದಿನ ತುಂಬ್ತಾ ಬಂದಿದೆ, ಹೋಗಿಬರ್ತೀನಿ" ಎಂದಿರಿ. ಹೋಗಿಬರುತ್ತೇನೆ ಎಂದವರು ಬರುವಾಗ ತಂದಿದ್ದ ಬ್ಯಾಗಿನ ಜೊತೆ ಆಮೇಲೆ ತರಿಸಿಕೊಂಡಿದ್ದ ಹೊಲಿಗೆ ಮೆಷಿನ್ನನ್ನೂ ತೆಗೆದುಕೊಂಡು ಹೋದಿರಿ. ಅದನ್ನು ಕೆಳಗಿಳಿಸಿದವನು ನಾನೇ.

ಹೋದ ತಿಂಗಳು ನಿಮ್ಮ ಮಗ ಈ ಕಡೆ ಕೆಲಸದ ಮೇಲೆ ಬಂದಿದ್ದ, ಮನೆಗೂ ಬಂದ. ಮಾತಿಗೆ ಮಾತು ಬಂದು ನಾನು, "ನೀನು ಅಷ್ಟು ಒತ್ತಾಯ ಮಾಡಿದ್ದಕ್ಕೆ ಅತ್ತೆ ಹೊರಟರು" ಎಂದೆ. ಅವನು ನನ್ನನ್ನೇ ನೋಡಿದ. "ನಾನೆಲ್ಲಿ ಒತ್ತಾಯ ಮಾಡಿದೆ ಭಾವ? ಅಮ್ಮನೇ ಫೋನ್ ಮಾಡಿ ಬಂದು ಕರ್ಕೊಂಡು ಹೋಗು ಅಂದ್ರು. ನಾನಿಲ್ಲಿದ್ರೆ ಈ ಮನೆಗೆ ಇನ್ನೊಬ್ಬರು ಬರೋಕೆ ಜಾಗ ಆಗಲ್ಲ ಕಣೋ ಅಂದ್ರು."

ಅವನು ಹೋದ ಮೇಲೆ ನಾನು ನಿಮ್ಮ ಕೋಣೆಯ ಹೊಸ್ತಿಲಲ್ಲಿ ಬಹಳ ಹೊತ್ತು ನಿಂತಿದ್ದೆ. ಸಿಟ್ಟು ಬಂತು. ನಿಮ್ಮ ಮೇಲೆ ನನಗೆ ಬಂದ ಮೊದಲ ಸಿಟ್ಟು ಅದು. ಕೇಳಬಹುದಿತ್ತಲ್ಲ ಅತ್ತೆ? ಒಂದು ಮಾತು ಕೇಳಿದ್ದರೆ ನಾನು ಹೇಳುತ್ತಿದ್ದೆ. ಆಮೇಲೆ ಅನ್ನಿಸಿತು, ನೀವು ಕೇಳುತ್ತಿದ್ದಿರಿ, ನಾನು ಹ್ಞೂಂ ಎನ್ನುತ್ತಿದ್ದೆ. ಸಿಟ್ಟು ಇಳಿಯಿತು.

ಆದರೆ ನಿಮ್ಮ ಅಂದಾಜು ತಪ್ಪಾಯಿತು. ಅದನ್ನು ನೀವು ತಿಳಿಯಲೇಬೇಕು. ನೀವು ಹೋದ ಮೇಲೆ ಡಾಕ್ಟರಮ್ಮ ಒಂದು ಸಲ ಊಟಕ್ಕೆ ಬಂದರು. ನಾನೇ ಕರೆದಿದ್ದೆ, ಸುಳ್ಳೇಕೆ ಹೇಳಲಿ. ನೀಲಿ ಅಂಗಿಯನ್ನೇ ಹಾಕಿಕೊಂಡಿದ್ದೆ. ಊಟ ಮಾಡಿದೆವು. ಅವರು ಕೈತೊಳೆದು ಬಂದು ಸುತ್ತ ನೋಡಿದರು. ದಿನವಿಡೀ ಬೇರೆಯವರ ಕಣ್ಣು ನೋಡುವ ಹೆಂಗಸು, ಸುಮ್ಮನಿರುತ್ತಾರೆಯೇ. "ಈ ಮನೆಯಿಂದ ಯಾರೋ ಇತ್ತೀಚೆಗೆ ಹೋಗಿದ್ದಾರೆ ಅನ್ಸುತ್ತೆ" ಎಂದರು. ನಾನು, "ನನ್ನ ಹೆಂಡತಿ ಹೋಗಿ ಐದನೇ ವರ್ಷ" ಎಂದೆ. "ಅದು ಗೊತ್ತು. ಅದು ಹಳೇ ಗಾಯ, ಒಣಗಿದೆ. ಇದು ಹೊಸದು. ಊಟ ಬಡಿಸುವಾಗ ಮೂರು ಸಲ ಬಾಗಿಲ ಕಡೆ ನೋಡಿದ್ರಿ. ಯಾರು?" ಎಂದು ಕೇಳಿದರು.

ನನಗೆ ನಾಚಿಕೆಯಾಯಿತು. ಆದರೂ ಹೇಳಿದೆ. "ನಮ್ಮತ್ತೆ."

ಅವರಿಗೆ ನಗು ತಡೆಯಲಾಗಲಿಲ್ಲ. ಕುರ್ಚಿ ಹಿಡಿದುಕೊಂಡು ನಕ್ಕರು. "ಅತ್ತೆ ಹೋದ್ರು ಅಂತ ಕೊರಗೋ ಅಳಿಯನ್ನ ಇವತ್ತೇ ನೋಡಿದ್ದು ನಾನು." ನಗು ನಿಂತ ಮೇಲೆ ತುಂಬ ಮೆತ್ತಗೆ, "ನಾನು ಇಲ್ಲಿಗೆ ಬಂದ್ರೆ ನೀವು ನನ್ನ ನೋಡಿ ಅವರನ್ನೇ ಹುಡುಕ್ತೀರಿ. ಬೇಡ ಬಿಡಿ. ಸ್ನೇಹವಾಗೇ ಇರೋಣ" ಎಂದರು. ಈಗಲೂ ಪಕ್ಕದ ಕೋಣೆಯಲ್ಲಿ ಇದ್ದಾರೆ. ಗೋಡೆಯಾಚೆಯಿಂದ ಅವರು ಅಕ್ಷರ ಓದಿಸುವುದು ಕೇಳಿಸುತ್ತದೆ. ಎಲ್ಲ ಸರಿಯಾಗಿದೆ. ಆದರೆ ನೀವು ಜಾಗ ಮಾಡಿಕೊಟ್ಟು ಹೋದಿರಲ್ಲ, ಆ ಜಾಗಕ್ಕೆ ಯಾರೂ ಬರಲಿಲ್ಲ. ಅದು ಖಾಲಿಯೇ ಇದೆ.

ಖಾಲಿ ಅಂದರೆ ಹೇಗೆ ಅಂತ ಹೇಳಬೇಕೆಂದರೆ, ಶನಿವಾರ ಸಂಜೆ ಅಂಗಡಿಯಲ್ಲಿ "ಬರ್ತೀನಿ" ಎಂದು ಹೇಳಿ ಬಂದರೆ ಮತ್ತೆ ನನ್ನ ದನಿ ನನಗೆ ಕೇಳಿಸುವುದು ಸೋಮವಾರ. ಆ ದಿನ ಮೊದಲ ಗಿರಾಕಿಯ ಜೊತೆ ಮಾತಾಡುವಾಗ ಗಂಟಲು ಕಟ್ಟಿಕೊಂಡಿರುತ್ತದೆ, ಎರಡು ಸಲ ಕೆಮ್ಮಬೇಕು. ಅಡುಗೆ ಒಬ್ಬನಿಗೆ ಆಗುವಷ್ಟು ಮಾಡುವುದು ಈಗ ಬಂದಿದೆ. ಬಂದದ್ದೇ ಬೇಸರ. ಅವಳು ಹೋದಾಗ ಎಲ್ಲರೂ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟಿದ್ದರು. ನೀವು ಹೋದಾಗ ಯಾರೂ ಏನೂ ಹೇಳಲಿಲ್ಲ. ಹೇಳುವಂಥದ್ದು ಏನಿದೆ? ಅತ್ತೆ ಮಗನ ಮನೆಗೆ ಹೋದರು, ಅಷ್ಟೇ. ಅದಕ್ಕೆ ಯಾರು ಸಮಾಧಾನ ಹೇಳಲು ಬರುತ್ತಾರೆ? ಹೆಂಡತಿ ಇಲ್ಲದ ಮೇಲೆ ಅವಳ ತಾಯಿ ನನಗೆ ಏನಾಗಬೇಕು ಎನ್ನುವುದಕ್ಕೆ ಒಂದು ಹೆಸರಿದ್ದಿದ್ದರೆ, ನೀವಿಲ್ಲದ್ದಕ್ಕೂ ಒಂದು ಹೆಸರಿರುತ್ತಿತ್ತು.

ನೀವು ಗಂಟೆಮಾಮ ಎಂದು ಕರೆಯುತ್ತಿದ್ದಿರಲ್ಲ, ಮೇಲಿನ ಮಹಡಿಯವರು, ಕರೆಗಂಟೆಯ ಮೇಲೆ ಬೆರಳಿಟ್ಟರೆ ಬಾಗಿಲು ತೆಗೆಯುವ ತನಕ ತೆಗೆಯದವರು, ಅವರು ನಾನು ಗಿಡ ಸವರಿದ ಆ ಭಾನುವಾರ ತಾರಸಿಗೆ ಬಂದರು. ಕಟ್ಟಡದ ಉಸ್ತುವಾರಿ ಈಗ ಅವರದ್ದೇ. ಅವರ ಮನೆಯ ಸೂರು ಸೋರುತ್ತಿದೆಯಂತೆ. ತಾರಸಿಗೆಲ್ಲ ನೀರು ಇಳಿಯದ ಹಾಗೆ ಹೊಸ ಲೇಪನ ಹಾಕಿಸುತ್ತಾರಂತೆ, ಇನ್ನು ಮೇಲೆ ಏನನ್ನೂ ಇಡುವಂತಿಲ್ಲವಂತೆ. ಅದನ್ನು ಹೇಳಿ ನನ್ನನ್ನು ಬೈಯಲು ಎಂದೇ ಹತ್ತಿ ಬಂದಿದ್ದರು.

ನಾನಾಗ ಕೊಂಬೆ ಸವರುವುದನ್ನು ಮುಗಿಸಿ ದೊಡ್ಡೋಳ ಬೇರು ಸವರಲು ನೋಡುತ್ತಿದ್ದೆ. ಎರಡು ಮೂರು ವರ್ಷಕ್ಕೊಮ್ಮೆ ಡ್ರಮ್ಮಿನಿಂದ ಎಳೆದು ಬೇರಿನ ಸುತ್ತಿನ ಒಂದು ಪದರ ಕೊಯ್ಯದಿದ್ದರೆ ಬೇರುಗಳು ಒಂದನ್ನೊಂದು ಸುತ್ತಿ ತಮ್ಮನ್ನು ತಾವೇ ಉಸಿರುಗಟ್ಟಿಸುತ್ತವೆ. ಹಿಂದೊಮ್ಮೆ ನೀವು ಡ್ರಮ್ಮು ಹಿಡಿದುಕೊಂಡಿದ್ದಿರಿ, ನಾನು ಎಳೆದಿದ್ದೆ. ಒಬ್ಬನಿಂದ ಆಗುವ ಕೆಲಸವಲ್ಲ ಅದು. ಡ್ರಮ್ಮನ್ನು ಅಡ್ಡ ಮಲಗಿಸಿ ಕಾಲಿನಿಂದ ಒತ್ತಿ ಹಿಡಿದು ಎಳೆಯುತ್ತಿದ್ದೆ. ಜಾರಿ ಅಂಗಾತ ಬಿದ್ದೆ. ಗಂಟೆಮಾಮ ಬೈಯುವುದನ್ನು ಅರ್ಧಕ್ಕೆ ನಿಲ್ಲಿಸಿ, "ಅಯ್ಯೋ, ಹಾಗಲ್ಲ ರೀ, ಸೊಂಟ ಹೋಗುತ್ತೆ" ಎಂದು ಚಪ್ಪಲಿ ಬಿಟ್ಟು ಬಂದು ಡ್ರಮ್ಮು ಹಿಡಿದರು. ಇಬ್ಬರೂ ಸೇರಿ ಎಳೆದೆವು. ಬೇರಿನ ಮುದ್ದೆ ಡ್ರಮ್ಮಿನದೇ ಆಕಾರದಲ್ಲಿ ಹೊರಗೆ ಬಂತು. ನಾನು ಗರಗಸದಿಂದ ಸುತ್ತ ಕೊಯ್ಯುತ್ತಿದ್ದರೆ ಅವರು ಹೊಸ ಮಣ್ಣು ಕಲಸಿದರು. ಅವರಿಗೂ ಮಾತಾಡಲು ಮನೆಯಲ್ಲಿ ಯಾರೂ ಇಲ್ಲ ಎಂದು ಕಾಣುತ್ತದೆ. ಕೈಗೆ ಮಣ್ಣಾದ ಮೇಲೆ ಬೈಯುವುದು ಮರೆತೇಹೋಯಿತು.

"ಮುಂಚೆ ಮೇಲಿಂದ ಮಾತು ಕೇಳಿಸ್ತಿತ್ತು" ಎಂದರು, ಮಣ್ಣನ್ನು ನೋಡುತ್ತಲೇ. "ಆ ಹೆಂಗಸು ಏನೋ ಹೇಳೋರು, ನೀವು ಏನೋ ಅನ್ನೋರು. ಏನು ಅಂತ ಗೊತ್ತಾಗ್ತಿರ್ಲಿಲ್ಲ, ಆದ್ರೆ ಸೂರಿನ ಮೇಲೆ ಜನ ಇದ್ದಾರೆ ಅನ್ನಿಸ್ತಿತ್ತು. ಈಗ ನೀರು ಬೀಳೋ ಸದ್ದು ಮಾತ್ರ ಕೇಳುತ್ತೆ. ಎಲ್ಲಿ ಹೋದ್ರು ನಿಮ್ಮ ತಾಯಿ?"

ನಾನು ಅವರ ಮಾತನ್ನು ತಿದ್ದಲಿಲ್ಲ. "ಮಗನ ಮನೆಗೆ ಹೋಗಿದ್ದಾರೆ" ಎಂದೆ. ಅವರು ಮಣ್ಣು ಕಲಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ಲೆಕ್ಕ ಹತ್ತಲಿಲ್ಲವೇನೋ. ಮತ್ತೆ ಮಣ್ಣಿಗೆ ಕೈ ಹಾಕಿದರು.

ಹೀಗೆ ಗಿಡಗಳನ್ನು ಇಳಿಸಬೇಕಾಯಿತು. ದೊಡ್ಡೋಳಿಗೆ ಗಂಟೆಮಾಮನೇ ಕೆಳಗೆ ಗೇಟಿನ ಪಕ್ಕ ಜಾಗ ತೋರಿಸಿದರು. "ಇಲ್ಲಿಡಿ. ಯಾರಾದ್ರೂ ತಕರಾರು ತೆಗೆದ್ರೆ ನನ್ನ ಹತ್ರ ಕಳ್ಸಿ" ಎಂದರು. ಬೆಳಗಿನ ಬಿಸಿಲು ಚೆನ್ನಾಗಿ ಬೀಳುತ್ತದೆ. ನಡುವಿನೋಳನ್ನು ಡಾಕ್ಟರಮ್ಮ ಒಯ್ದರು. ಅವರಿಗೆ ಅಂದು ಕೊಟ್ಟಿದ್ದ ಕಡ್ಡಿ ಚಿಗುರಲಿಲ್ಲವಂತೆ. ಚಿಕ್ಕೋಳು ಉಳಿದಳು. ನಿಮ್ಮ ಮಗನ ಮನೆಯ ಬಾಲ್ಕನಿಗೆ ಅರ್ಧ ದಿನ ಬಿಸಿಲಿದೆ ಎಂದು ಅವನೇ ಹೇಳಿದ. ಆದ್ದರಿಂದ ಅವಳನ್ನು ನಿಮ್ಮ ಹತ್ತಿರ ಕಳಿಸುತ್ತಿದ್ದೇನೆ, ಈ ಕಾಗದವನ್ನೂ ಅವಳ ಜೊತೆಗೇ.

ನಿಮಗೆ ಗೊತ್ತಿಲ್ಲದ್ದು ಏನೂ ಇಲ್ಲ, ಆದರೂ ಹೇಳುತ್ತೇನೆ. ಕೊಂಬೆ ಮತ್ತು ಬೇರು ಎರಡನ್ನೂ ಈಗಷ್ಟೇ ಸವರಿದ್ದೇನೆ. ನೋಡಿದರೆ ಸತ್ತ ಹಾಗೆ ಕಾಣುತ್ತಾಳೆ, ಹೆದರಬೇಡಿ. ಚಿಗುರುವ ತನಕ ನೀರು ಕಡಿಮೆ. ಮೊಮ್ಮಗಳು ಅಂಬೆಗಾಲಿಡುತ್ತಾಳಂತೆ; ಎಲೆ ಬಂದ ಮೇಲೆ ಅವಳ ಕೈಗೆ ಸಿಗದ ಹಾಗಿಡಿ, ಹಾಲು ತಾಗಬಾರದು. ನೀವೂ ಕೈಗೆ ಗವಸು ಹಾಕಿಕೊಳ್ಳಿ. ಬರುವ ಚಳಿಗಾಲಕ್ಕೆ ಕತ್ತರಿ ನೀವೇ ಹಿಡಿಯಬೇಕಾಗುತ್ತದೆ. ನಿಮ್ಮ ಮಗನಿಗೆ ಕೊಡಬೇಡಿ. ಅವನು ತಲೆಕೂದಲು ಕತ್ತರಿಸುವ ಹಾಗೆ ಸಮ ಮಾಡಿಬಿಡುತ್ತಾನೆ. ಕಣ್ಣಿನ ಸ್ವಲ್ಪ ಮೇಲೆ, ಓರೆಯಾಗಿ, ಒಂದೇ ಸಲಕ್ಕೆ. ನಿಮ್ಮಿಂದ ಆಗುತ್ತದೆ.

ಹೋದ ವಾರ ನಾನು ಫೋನ್ ಮಾಡಿದ್ದು ಚಳಿಯ ವಿಷಯ ಮಾತಾಡಲಿಕ್ಕಲ್ಲ ಅತ್ತೆ. ನಿಮ್ಮ ಕೋಣೆ ಗುಡಿಸಿ, ಹಾಸಿಗೆಗೆ ಒಗೆದ ಹೊದಿಕೆ ಹಾಕಿ, ವಾಪಸ್ ಬನ್ನಿ ಎಂದು ಕೇಳಲಿಕ್ಕೇ ಫೋನ್ ಮಾಡಿದ್ದೆ. ನಿಮ್ಮ ಸೊಸೆ ಎತ್ತಿದಳು. ಹಿಂದೆ ಮಗು ಕೇಕೆ ಹಾಕುತ್ತಿತ್ತು, ನೀವು ಅದರ ಹಾಗೆಯೇ ದನಿ ಮಾಡಿ ಅಣಕಿಸಿ ನಗುತ್ತಿದ್ದಿರಿ, ಅದು ಮತ್ತೆ ಕೇಕೆ ಹಾಕುತ್ತಿತ್ತು. ನೀವು ಹಾಗೆ ನಗುವುದನ್ನು ಈ ಮನೆಯಲ್ಲಿ ನಾನು ಒಂದು ಸಲವೂ ಕೇಳಿರಲಿಲ್ಲ. ನಿಮ್ಮ ಸೊಸೆ, "ಅತ್ತೆ ಇಲ್ದಿದ್ರೆ ನಾನು ಕೆಲಸಕ್ಕೆ ವಾಪಸ್ ಹೋಗೋ ಮಾತೇ ಇರ್ಲಿಲ್ಲ ಅಣ್ಣ, ಇರಿ ಕೊಡ್ತೀನಿ" ಎಂದು ಫೋನನ್ನು ನಿಮಗೆ ಕೊಟ್ಟಳು. ನೀವು, "ಚಳಿ ಹೇಗಿದೆ ಅಳಿಯಂದ್ರೇ?" ಎಂದಿರಿ. ನಾನು ಹ್ಞೂಂ ಎಂದೆ.

ಟೆಂಪೋದವನು ಬಂದಿದ್ದಾನೆ. ನಿಮ್ಮ ಕಡೆಗೆ ಯಾರದೋ ಮನೆ ಸಾಮಾನು ಒಯ್ಯುತ್ತಿದ್ದಾನೆ, ಮಂಚ ಬೀರುಗಳ ನಡುವೆ ಚಿಕ್ಕೋಳನ್ನು ನಿಲ್ಲಿಸಿ ಹಗ್ಗ ಕಟ್ಟಿದ್ದಾನೆ. "ಮುಂದಿನ ಸೀಟು ಖಾಲಿ ಇದೆ ಸಾರ್, ನೀವೂ ಬನ್ನಿ, ಮಾತಿಗಾಗುತ್ತೆ" ಎಂದು ಆಗಿನಿಂದ ಕರೆಯುತ್ತಿದ್ದಾನೆ. ಇವತ್ತು ನನಗೆ ರಜೆ. ಹೋಗಬಹುದು, ಸಂಜೆಯೊಳಗೆ ನಿಮ್ಮನ್ನು ನೋಡಬಹುದು. ಅವನಿಗೆ ಆಗುವುದಿಲ್ಲ ಎಂದು ಹೇಳಿ ಮೇಲೆ ಬಂದು ಈ ಕೊನೆಯ ಸಾಲುಗಳನ್ನು ಬರೆಯುತ್ತಿದ್ದೇನೆ.

ಬರಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡಿ. ಬಂದರೆ ನಾನು ನಿಮ್ಮ ಬಾಗಿಲಲ್ಲಿ ನಿಂತು "ಹೊರಡಿ ಅತ್ತೆ" ಎಂದುಬಿಡುತ್ತೇನೆ. ನೀವು ಒಂದು ಮಾತೂ ಆಡದೆ ಬ್ಯಾಗು ತೆಗೆದುಕೊಂಡು ಹೊರಟುಬಿಡುತ್ತೀರಿ.

ಮೊಮ್ಮಗಳು ನಿಮ್ಮ ಬೆರಳು ಹಿಡಿದೇ ನಡೆಯಲು ಕಲಿಯಲಿ. ಅವಳ ಹಿಂದೆ ಓಡುವಷ್ಟು ಶಕ್ತಿ ನಿಮ್ಮ ಮೊಣಕಾಲಿಗಿರಲಿ. ಚೆನ್ನಾಗಿರಿ.

ನಿಮ್ಮ,
ಅಳಿಯ